ಮಾಸಿ ಮಾದರಿಯಲ್ಲಿ ಉಕ್ಕಿನ ಸೈಕಲ್ ಫ್ರೇಮ್ ಕೈಯಾರೆ ಕಟ್ಟುವುದು: ಅಳತೆಯಿಂದ ಕೊನೆಯ ಟ್ಯಾಪಿಂಗ್‌ವರೆಗೆ ಸಮಗ್ರ ಮಾರ್ಗದರ್ಶಿ

ಲಗ್ (ಟ್ಯೂಬ್‌ಗಳು ಕೂಡುವಲ್ಲಿ ತೊಡಿಸುವ ಉಕ್ಕಿನ ತೋಳು) ಕೂಡಿಸಿ ಕಟ್ಟಿದ ಮೊದಲ ಫ್ರೇಮ್‌ಗಳು ಕೆಡುವುದು ಹೆಚ್ಚಾಗಿ ಮೂರೇ ಬಗೆಯಲ್ಲಿ. ಲಗ್ಗಿನ ಅಂಚಿನಲ್ಲಿ ಬೆಸುಗೆಯ ಬೆಳ್ಳಿ ಮಿನುಗುತ್ತಿರುತ್ತದೆ, ಒಳಗೆ ಮಾತ್ರ ಒಂದು ಹನಿಯೂ ಇಳಿದಿರುವುದಿಲ್ಲ. ಫ್ರೇಮ್ ಕಣ್ಣಿಗೆ ನೇರವಾಗಿಯೇ ಕಾಣುತ್ತದೆ, ಚಕ್ರ ಹಾಕಿದ ಕೂಡಲೇ ಒಂದು ಪಕ್ಕಕ್ಕೆ ವಾಲುತ್ತದೆ. ಇಲ್ಲವೇ ಡ್ರಾಪ್‌ಔಟಿಗೆ (ಚಕ್ರದ ಅಚ್ಚು ಕೂರುವ ತುದಿಯ ತುಂಡು) ಹಿತ್ತಾಳೆ ಬೆಸುಗೆ ಹಾಕಲು ಹೋಗಿ, ಅದಕ್ಕೂ ಮೊದಲು ಮುಗಿಸಿದ್ದ ಬೆಳ್ಳಿ ಬೆಸುಗೆ ಕರಗಿ ಸಡಿಲಾಗುತ್ತದೆ. ಮೂರಕ್ಕೂ ಕಾರಣ ಕೈಚಳಕದ ಕೊರತೆಯಲ್ಲ, ಕೆಲಸದ ಕ್ರಮ ತಪ್ಪಿದ್ದು. ಆದ್ದರಿಂದ ಇಲ್ಲಿ ಯಾವುದು ಮೊದಲು, ಯಾವುದು ನಂತರ, ಎಲ್ಲಿ ನಿಲ್ಲಿಸಿ ಅಳೆಯಬೇಕು ಎಂಬುದಕ್ಕೇ ಹೆಚ್ಚು ಜಾಗ ಕೊಟ್ಟಿದೆ.

ಮಾದರಿಗೆ ಇಟ್ಟುಕೊಂಡಿರುವುದು ಮಿಲಾನಿನ ವಿಗೊರೆಲ್ಲಿ ವೆಲೊಡ್ರೋಮಿನಲ್ಲಿ ಕೆಲಸ ಮಾಡುತ್ತಿದ್ದ ಫಾಲಿಯೆರೊ ಮಾಸಿ ಅವರ ರೇಸಿಂಗ್ ಫ್ರೇಮ್‌ಗಳ ಶೈಲಿ: ಅಡ್ಡ ಮಟ್ಟದ ಟಾಪ್ ಟ್ಯೂಬ್, ತೆಳ್ಳಗೆ ಉಜ್ಜಿದ ಲಗ್ ಮೂತಿಗಳು, ಒಂದಿಂಚಿನ ಸ್ಟಿಯರರ್ (ಹೆಡ್ ಟ್ಯೂಬಿನೊಳಗೆ ಹೋಗುವ ಫೋರ್ಕಿನ ಕೊಳವೆ), ಇಟಾಲಿಯನ್ ಥ್ರೆಡ್ಡಿನ ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ಕೂರುವ ಭಾಗ). ಅನುಸರಿಸಬೇಕಾದದ್ದು ಅನುಪಾತವನ್ನು, ಅಂಚಿನ ಶುಚಿಯನ್ನು, ಬೆಸುಗೆಯ ಹದವನ್ನು. ಅವರ ಬ್ಯಾಡ್ಜನ್ನೂ ಅಕ್ಷರಗಳನ್ನೂ ಅಂಟಿಸಿದರೆ ಅದು ಗೌರವವಾಗುವುದಿಲ್ಲ, ನಕಲಾಗುತ್ತದೆ. ಹೆಡ್ ಟ್ಯೂಬಿನ ಮೇಲೆ ನಿಮ್ಮ ಗುರುತೇ ಇರಲಿ.

## ಬೇಕಾಗುವ ಸಾಮಗ್ರಿ

ಟ್ಯೂಬ್‌ಗಳು: ಹೊರವ್ಯಾಸ 28.6 ಮಿ.ಮೀ. ಸೀಟ್ ಟ್ಯೂಬ್ (ಸೀಟಿನ ಕೆಳಗಿನದು), 28.6 ಡೌನ್ ಟ್ಯೂಬ್ (ಹೆಡ್ ಟ್ಯೂಬಿನಿಂದ ಪೆಡಲ್ ಕಡೆಗೆ ಇಳಿಯುವುದು), 25.4 ಟಾಪ್ ಟ್ಯೂಬ್ (ಮೇಲಿನ ಅಡ್ಡ ಟ್ಯೂಬ್), 31.8 ಹೆಡ್ ಟ್ಯೂಬ್ (ಮುಂದೆ ಫೋರ್ಕ್ ತೂರುವುದು). ಗೋಡೆಯ ದಪ್ಪ ತುದಿಯಲ್ಲಿ 0.9, ನಡುವೆ 0.6 ಇರುವ ಬಟೆಡ್ ಟ್ಯೂಬ್ ಸಾಕು. ಹಳೆಯ ಕೊಲಂಬಸ್ ಎಸ್‌ಎಲ್ ಸೆಟ್ಟಿನ ಅಳತೆಯೂ ಇದೇ. ಮೊದಲ ಫ್ರೇಮಿಗೆ ಇದಕ್ಕಿಂತ ತೆಳುವಾದದ್ದು ಬೇಡ. ತೆಳು ಗೋಡೆ ಬೇಗ ಕಾಯುತ್ತದೆ, ಬೇಗ ಸುಡುತ್ತದೆ. ಚೈನ್‌ಸ್ಟೇ (ಬಾಟಮ್ ಬ್ರಾಕೆಟ್ಟಿನಿಂದ ಹಿಂದಿನ ಚಕ್ರದ ಅಚ್ಚಿಗೆ), ಸೀಟ್‌ಸ್ಟೇ (ಸೀಟ್ ಲಗ್ಗಿನಿಂದ ಅದೇ ಅಚ್ಚಿಗೆ) ಒಂದೊಂದು ಜೊತೆ, ಫೋರ್ಕ್ ಬ್ಲೇಡ್ ಒಂದು ಜೊತೆ, 25.4 ಮಿ.ಮೀ. ಸ್ಟಿಯರರ್.

ಬಿಡಿಭಾಗ: ಮೂರು ಲಗ್, ಬಾಟಮ್ ಬ್ರಾಕೆಟ್ ಶೆಲ್, ಫೋರ್ಕ್ ಕ್ರೌನ್ (ಸ್ಟಿಯರರಿಗೂ ಎರಡು ಬ್ಲೇಡಿಗೂ ನಡುವಿನ ಕೂಡುತುಂಡು), ಹಿಂದಿನ ಮತ್ತು ಮುಂದಿನ ಡ್ರಾಪ್‌ಔಟ್, ಬ್ರೇಕ್ ಬ್ರಿಡ್ಜ್, ಚೈನ್‌ಸ್ಟೇ ಬ್ರಿಡ್ಜ್. ಲಗ್ ಕೊಳ್ಳುವ ಮೊದಲು ಅದರ ಕೋನ ಕೇಳಿ ತಿಳಿಯಿರಿ. ಎರಕದ ಲಗ್ಗನ್ನು ಒಳಗೆ ಉಜ್ಜಿ ಒಂದು ಡಿಗ್ರಿಯಷ್ಟು ಸರಿಪಡಿಸಬಹುದು, ಅದಕ್ಕಿಂತ ಹೆಚ್ಚು ಅದು ಒಗ್ಗುವುದಿಲ್ಲ. ತಗಡನ್ನು ಒತ್ತಿ ಮಾಡಿದ ಲಗ್ ಇನ್ನೂ ಸ್ವಲ್ಪ ಬಾಗುತ್ತದೆ, ಆದರೆ ಅದರ ಒಳಮೈ ಒರಟು, ಉಜ್ಜುವ ಕೆಲಸ ಜಾಸ್ತಿ.

ಬೆಸುಗೆಗೆ: ಶೇ. 56 ಬೆಳ್ಳಿ ಇರುವ, ಕ್ಯಾಡ್ಮಿಯಂ ಇಲ್ಲದ, 1.6 ಮಿ.ಮೀ. ತಂತಿ. ಇದು 618 ಡಿಗ್ರಿಯಲ್ಲಿ ಮೆತ್ತಗಾಗಿ 652 ಡಿಗ್ರಿ ಸೆಲ್ಸಿಯಸ್‌ಗೆ ಪೂರ್ತಿ ಹರಿಯುತ್ತದೆ. ಅದಕ್ಕೆ ಹೊಂದುವ ಬಿಳಿ ಪೇಸ್ಟ್ ಫ್ಲಕ್ಸ್ (ಕಾಯುವ ಲೋಹದ ಮೈಯನ್ನು ಶುಚಿಯಾಗಿಟ್ಟು ಬೆಸುಗೆ ಹರಿಯುವಂತೆ ಮಾಡುವ ಲೇಪ). ಡ್ರಾಪ್‌ಔಟ್‌ಗಳಿಗೆ ಹಿತ್ತಾಳೆ ಕಡ್ಡಿ, ಅದು ಕರಗುವುದು ಸುಮಾರು 880–900 ಡಿಗ್ರಿಯಲ್ಲಿ. ಅದರ ಫ್ಲಕ್ಸ್ ಬೇರೆ. ಎರಡು ಫ್ಲಕ್ಸ್ ಡಬ್ಬಿಗಳ ಮೇಲೆ ದೊಡ್ಡದಾಗಿ ಹೆಸರು ಬರೆದಿಡಿ. ಅದಲುಬದಲಾದರೆ ಬೆಸುಗೆ ಹರಿಯುವುದೇ ಇಲ್ಲ.

ಸಲಕರಣೆ: ಆಕ್ಸಿಜನ್‌ನೊಂದಿಗೆ ಅಸಿಟಿಲೀನ್ ಅಥವಾ ಪ್ರೊಪೇನ್ ಟಾರ್ಚ್, ಗಟ್ಟಿ ವೈಸ್, ಟ್ಯೂಬ್ ಹಿಡಿಯಲು ಅರ್ಧಕ್ಕೆ ಸೀಳಿದ ಮರದ ಬ್ಲಾಕುಗಳು, ಇಂಚಿಗೆ 32 ಹಲ್ಲಿನ ಗರಗಸದ ಬ್ಲೇಡ್, ಒರಟು ಮತ್ತು ನಯವಾದ ಅರ್ಧದುಂಡು ಅರಗಳು, ದುಂಡು ಅರ, ಲಗ್ ಮೂತಿಗೆ ಸಣ್ಣ ಸೂಜಿ ಅರಗಳು, ಎಮರಿ ಪಟ್ಟಿ, ವರ್ನಿಯರ್ ಕ್ಯಾಲಿಪರ್, ಕೋನಮಾಪಕ, ವಿ-ಬ್ಲಾಕ್, ಹೈಟ್ ಗೇಜ್, ಮಟ್ಟಸವಾದ ಸರ್ಫೇಸ್ ಪ್ಲೇಟ್. ಪ್ಲೇಟ್ ಸಿಗದಿದ್ದರೆ ದಪ್ಪ ಗ್ರಾನೈಟ್ ಹಾಸು ಆದೀತು, ಆದರೆ ಉಕ್ಕಿನ ನೇರಪಟ್ಟಿಯನ್ನು ಎಲ್ಲ ದಿಕ್ಕಿಗೂ ಇಟ್ಟು, ಕೆಳಗೆ ಬೆಳಕು ನುಸುಳುತ್ತದೆಯೇ ನೋಡಿಕೊಂಡ ಮೇಲೆ. ಜಿಗ್ (ಟ್ಯೂಬ್‌ಗಳನ್ನು ಅವುಗಳ ಕೋನದಲ್ಲಿ ಹಿಡಿದಿಡುವ ಚೌಕಟ್ಟು) ಇದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ. ಸರ್ಫೇಸ್ ಪ್ಲೇಟ್ ಇಲ್ಲದೆ ಮಾತ್ರ ನಡೆಯುವುದಿಲ್ಲ. ಬಾಟಮ್ ಬ್ರಾಕೆಟ್ ಟ್ಯಾಪ್, ಹೆಡ್ ಟ್ಯೂಬ್ ರೀಮರ್, ಕ್ರೌನ್ ಕಟರ್ ದುಬಾರಿ. ಒಂದೇ ಫ್ರೇಮಿಗಾಗಿ ಕೊಳ್ಳುವ ಬದಲು ಕೊನೆಯ ಆ ಕೆಲಸವನ್ನು ಸಲಕರಣೆ ಇರುವವರಲ್ಲಿ ಮಾಡಿಸಿ.

## ಬೆಂಕಿ ಹಚ್ಚುವ ಮುನ್ನ

ಬೆಳ್ಳಿ ಫ್ಲಕ್ಸಿನಲ್ಲಿ ಫ್ಲೋರೈಡ್ ಇರುತ್ತದೆ. ಅದರ ಹೊಗೆ ಶ್ವಾಸಕೋಶಕ್ಕೂ ಕಣ್ಣಿಗೂ ಕೆಟ್ಟದ್ದು. ಹೊಗೆಯನ್ನು ಮುಖದಿಂದ ಆಚೆ ಸೆಳೆಯುವ ಫ್ಯಾನ್ ಇರಲೇಬೇಕು. ಹಳೆಯ ದಾಸ್ತಾನಿನ ಬೆಳ್ಳಿ ತಂತಿಯಲ್ಲಿ ಕ್ಯಾಡ್ಮಿಯಂ ಇರಬಹುದು. ಪೊಟ್ಟಣದ ಮೇಲೆ ಇಲ್ಲವೆಂದು ಬರೆದಿರದಿದ್ದರೆ ಮುಟ್ಟಬೇಡಿ, ಅದರ ಹೊಗೆ ಜೀವಕ್ಕೇ ಅಪಾಯ. ಅಸಿಟಿಲೀನ್ ಸಿಲಿಂಡರ್ ಯಾವಾಗಲೂ ನಿಂತೇ ಇರಬೇಕು. ಆಕ್ಸಿಜನ್ ಜೋಡಣೆಗಳಿಗೆ ಎಣ್ಣೆ, ಗ್ರೀಸ್ ಸೋಕಬಾರದು. ಎರಡೂ ಪೈಪಿಗೆ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ (ಜ್ವಾಲೆ ಪೈಪಿನೊಳಗೆ ಹಿಂದಕ್ಕೆ ನುಗ್ಗದಂತೆ ತಡೆಯುವ ಸಾಧನ) ಹಾಕಿ. ಹಿತ್ತಾಳೆ ಕೆಲಸಕ್ಕೆ 5ನೇ ಶೇಡಿನ ಕನ್ನಡಕ ಧರಿಸಿ.

ಕ್ರೋಮ್ ಲೇಪನವಿರುವ ಹಳೆಯ ಭಾಗವನ್ನು ಲೇಪನ ತೆಗೆಯದೆ ಕಾಯಿಸಬೇಡಿ.

## ಹಂತ 1: ನಿಜ ಅಳತೆಯ ಚಿತ್ರ

ಗೋಡೆಯ ಮೇಲೋ ದೊಡ್ಡ ಹಲಗೆಯ ಮೇಲೋ ಫ್ರೇಮನ್ನು ಪೂರ್ಣ ಗಾತ್ರದಲ್ಲಿ ಬರೆಯಿರಿ. ಕಂಪ್ಯೂಟರಿನಲ್ಲಿ ಬರೆದರೂ ಒಂದಕ್ಕೊಂದು ಅಳತೆಯಲ್ಲಿ ಮುದ್ರಿಸಿಕೊಳ್ಳಿ. ಟ್ಯೂಬನ್ನು ಚಿತ್ರದ ಮೇಲೆ ಇಟ್ಟು ನೋಡಿದಾಗ ಸಿಕ್ಕಿಬೀಳುವ ತಪ್ಪು, ಅಂಕಿಗಳ ಪಟ್ಟಿಯಲ್ಲಿ ಅಡಗಿಕೊಂಡಿರುತ್ತದೆ.

ಒಂದು ಉದಾಹರಣೆ ಹಿಡಿದುಕೊಳ್ಳೋಣ. ಸೀಟ್ ಟ್ಯೂಬ್ 550 ಮಿ.ಮೀ., ಟಾಪ್ ಟ್ಯೂಬ್ 550 (ಎರಡೂ ನಡುವಿನಿಂದ ನಡುವಿಗೆ), ಸೀಟ್ ಕೋನ 73 ಡಿಗ್ರಿ, ಹೆಡ್ ಕೋನ 73 ಡಿಗ್ರಿ, ಬಾಟಮ್ ಬ್ರಾಕೆಟ್ ಇಳಿತ (ಚಕ್ರದ ಅಚ್ಚುಗಳ ಗೆರೆಗಿಂತ ಕೆಳಗೆ) 70, ಚೈನ್‌ಸ್ಟೇ 410, ಫೋರ್ಕ್ ರೇಕ್ (ಸ್ಟಿಯರಿಂಗ್ ಗೆರೆಯಿಂದ ಮುಂದಿನ ಅಚ್ಚು ಮುಂಚಾಚಿದಷ್ಟು) 45. ಇದರಿಂದ ಹೊರಡುವ ಲೆಕ್ಕ ಹೀಗೆ: ಬಾಟಮ್ ಬ್ರಾಕೆಟ್ಟಿನಿಂದ ಮುಂದಿನ ಅಚ್ಚಿಗೆ ಸುಮಾರು 580 ಮಿ.ಮೀ., ಎರಡು ಅಚ್ಚುಗಳ ನಡುವಿನ ಅಡ್ಡ ದೂರ ಸುಮಾರು 980. ಚಕ್ರದ ತ್ರಿಜ್ಯ 336 ಎಂದುಕೊಂಡರೆ ಟ್ರೇಲ್ (ಸ್ಟಿಯರಿಂಗ್ ಗೆರೆ ನೆಲ ಮುಟ್ಟುವ ಬಿಂದುವಿಗಿಂತ ಟಯರ್ ಎಷ್ಟು ಹಿಂದೆ ನೆಲ ಮುಟ್ಟುತ್ತದೆ ಎಂಬ ಅಳತೆ) ಸುಮಾರು 56 ಮಿ.ಮೀ. ಸಾಮಾನ್ಯ ರಸ್ತೆಗೆ ಇದು ನಂಬಿಗಸ್ತ ಅಳತೆ, ಕೈಬಿಟ್ಟರೂ ಸೈಕಲ್ ದಾರಿ ಬಿಡುವುದಿಲ್ಲ.

ಹೆಡ್ ಟ್ಯೂಬಿನ ಉದ್ದವನ್ನು ಊಹಿಸಬೇಡಿ, ಲೆಕ್ಕ ಹಾಕಿ. ಮೇಲಿನ ಅಳತೆಯಲ್ಲಿ ಟಾಪ್ ಟ್ಯೂಬಿನ ನಡುಗೆರೆಯಿಂದ, ಮುಂದಿನ ಅಚ್ಚಿನಿಂದ ಸ್ಟಿಯರಿಂಗ್ ಗೆರೆಗೆ ಎಳೆದ ಲಂಬದವರೆಗೆ, ಆ ಗೆರೆಯ ಉದ್ದಕ್ಕೂ ಸುಮಾರು 490 ಮಿ.ಮೀ. ಬರುತ್ತದೆ. ಅದರಲ್ಲಿ ಫೋರ್ಕಿನ ಉದ್ದ 367, ಕೆಳಗಿನ ಹೆಡ್‌ಸೆಟ್ (ಫೋರ್ಕ್ ತಿರುಗುವ ಬೇರಿಂಗ್ ಜೋಡಣೆ) ಕಪ್ಪಿನ ಎತ್ತರ 13 ಕಳೆದರೆ 110 ಉಳಿಯಿತು. ಟಾಪ್ ಟ್ಯೂಬಿನ ನಡುಗೆರೆಯ ಮೇಲಕ್ಕೆ ಲಗ್ಗಿಗೆಂದು 28 ಸೇರಿಸಿದರೆ ಹೆಡ್ ಟ್ಯೂಬ್ 138. ನಿಮ್ಮ ಹೆಡ್‌ಸೆಟ್, ನಿಮ್ಮ ಕ್ರೌನ್ ಕೈಗೆ ಬರುವ ಮೊದಲು ಈ ಲೆಕ್ಕ ಮುಗಿಯುವುದಿಲ್ಲ. ಇಲ್ಲಿ 10 ಮಿ.ಮೀ. ತಪ್ಪಿದರೆ ಟಾಪ್ ಟ್ಯೂಬ್ ವಾಲುತ್ತದೆ, ಮಾಸಿ ಶೈಲಿಯ ಅಡ್ಡ ಗೆರೆ ಅಲ್ಲಿಗೇ ಹೋಯಿತು.

ಎರಡು ಕೋನಗಳೂ ಒಂದೇ ಆಗಿರುವುದರಿಂದ ಇನ್ನೊಂದು ಅನುಕೂಲವಿದೆ. ಡೌನ್ ಟ್ಯೂಬ್ ಹೆಡ್ ಟ್ಯೂಬಿಗೂ ಸೀಟ್ ಟ್ಯೂಬಿಗೂ ಸುಮಾರು 60 ಡಿಗ್ರಿಯಲ್ಲೇ ಸೇರುತ್ತದೆ. ಕೆಳಗಿನ ಲಗ್ ಮತ್ತು ಶೆಲ್ ಕೊಳ್ಳುವಾಗ ನೋಡಬೇಕಾದ ಅಂಕಿ ಇದೇ.

## ಹಂತ 2: ಲಗ್ ಸಿದ್ಧತೆ

ಲಗ್ಗಿನ ಹೊರ ಅಂದವೆಲ್ಲ ಬೆಸುಗೆಗೆ ಮೊದಲೇ ಮುಗಿಯಬೇಕು. ಬೆಸುಗೆಯ ನಂತರ ಲಗ್ ಅಂಚು ಉಜ್ಜಲು ಹೋದರೆ ಅರ ಟ್ಯೂಬಿಗೆ ತಾಗುತ್ತದೆ, ಟ್ಯೂಬಿನ ಮೇಲೆ ಬಿದ್ದ ಅಡ್ಡ ಗೀರು ಮುಂದೆ ಬಿರುಕಿಗೆ ಬೀಜ.

ಮೊದಲು ಲಗ್ಗಿನೊಳಗಿನ ಎರಕದ ಗಂಟುಗಳನ್ನು ದುಂಡು ಅರದಿಂದ ತೆಗೆಯಿರಿ. ಟ್ಯೂಬ್ ಕೈಯ ಒತ್ತಡಕ್ಕೆ ಜಾರಿ ಒಳಹೋಗಬೇಕು, ತಲೆಕೆಳಗು ಹಿಡಿದರೆ ತಾನಾಗಿ ಬೀಳಬಾರದು. ಸುತ್ತಲೂ 0.05ರಿಂದ 0.13 ಮಿ.ಮೀ. ಸಂದು ಬೆಳ್ಳಿಗೆ ಸರಿಯಾದ ದಾರಿ. ಇದಕ್ಕಿಂತ ಬಿಗಿಯಾದರೆ ಬೆಳ್ಳಿ ಒಳಗೆ ಇಳಿಯದು. ಸಡಿಲಾದರೆ ಸಂದು ಬೆಳ್ಳಿಯನ್ನು ಹಿಡಿದು ಮೇಲೆಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಬೆಳ್ಳಿ ಕೆಳಗೆ ಸೋರಿಹೋಗುತ್ತದೆ.

ಆಮೇಲೆ ಮೂತಿಗಳು. ಈ ಶೈಲಿಯಲ್ಲಿ ಲಗ್ಗಿನ ದಪ್ಪ ಬುಡದಿಂದ ಮೂತಿಗೆ ಬರುತ್ತ ಕರಗುತ್ತ ಹೋಗಬೇಕು. ಅದರ ಕಾರಣ ಅಂದ ಮಾತ್ರವಲ್ಲ. ದಪ್ಪ ಅಂಚು ಒಮ್ಮೆಲೇ ನಿಂತಲ್ಲಿ ಟ್ಯೂಬಿನ ಮೇಲಿನ ಬಾಗುವ ಒತ್ತಡವೂ ಅಲ್ಲೇ ಕೂಡುತ್ತದೆ, ತೆಳ್ಳಗಾಗುತ್ತ ಬಂದ ಮೂತಿ ಅದನ್ನು ಹಂಚಿಬಿಡುತ್ತದೆ. ತುದಿಯಲ್ಲಿ 0.8 ಮಿ.ಮೀ. ಹತ್ತಿರ ನಿಲ್ಲಿಸಿ. ಕಾಗದದಷ್ಟು ತೆಳುವಾದರೆ ಟಾರ್ಚ್ ತಾಗಿದೊಡನೆ ಮೂತಿ ಮೊದಲು ಕೆಂಪಾಗಿ ಸುಡುತ್ತದೆ. ಎಡ–ಬಲ ಒಂದೇ ಇರಲು ಒಂದು ಪಕ್ಕ ಮುಗಿಸಿ, ಅದರ ಗುರುತನ್ನು ಕಾಗದಕ್ಕೆ ಒತ್ತಿ ತೆಗೆದು, ತಿರುಗಿಸಿ ಇನ್ನೊಂದು ಪಕ್ಕಕ್ಕೆ ಬರೆದುಕೊಳ್ಳಿ.

## ಹಂತ 3: ಟ್ಯೂಬ್ ಕತ್ತರಿಸಿ ತುದಿ ಹೊಂದಿಸುವುದು

ಕತ್ತರಿಸುವ ಮೊದಲು ಟ್ಯೂಬಿನ ದಪ್ಪ ಭಾಗ ಎಲ್ಲಿ ಮುಗಿಯುತ್ತದೆ ಎಂದು ತಿಳಿದಿರಬೇಕು. ತಯಾರಕರ ಪಟ್ಟಿ ನೋಡಿ, ಟ್ಯೂಬಿನೊಳಗೆ ಬೆಳಕು ಬಿಟ್ಟರೂ ದಪ್ಪ ಇಳಿಯುವ ಕಡೆ ಉಂಗುರದಂಥ ನೆರಳು ಕಾಣುತ್ತದೆ. ಆ ಜಾಗಗಳಿಗೆ ಮಾರ್ಕರ್ ಗೆರೆ ಹಾಕಿ, ಹೆಚ್ಚು ಉದ್ದದ ದಪ್ಪ ತುದಿಯ ಕಡೆಯಿಂದಲೇ ಕತ್ತರಿಸಿ. ಲಗ್ ಮೂತಿ 0.6 ಗೋಡೆಯ ಮೇಲೆ ಬಂದು ನಿಂತರೆ ಆ ಟ್ಯೂಬ್ ಹಾಳು; ಸೀಟ್ ಟ್ಯೂಬಿನ ಮೇಲ್ತುದಿ ಮಾತ್ರ ಇದಕ್ಕೆ ಹೊರತು.

ಸೀಟ್ ಟ್ಯೂಬ್ ಒಂದೇ ಕಡೆ ದಪ್ಪ. ದಪ್ಪ ತುದಿ ಬಾಟಮ್ ಬ್ರಾಕೆಟ್ಟಿಗೆ, ತೆಳು ತುದಿ ಮೇಲಕ್ಕೆ. 28.6ರಿಂದ ಎರಡು ಕಡೆಯ 0.6 ಕಳೆದರೆ ಒಳವ್ಯಾಸ 27.4, ಅದರಲ್ಲಿ 27.2 ಸೀಟ್ ಪೋಸ್ಟ್ ಕೂರುತ್ತದೆ. ತಲೆಕೆಳಗಾಗಿ ಬೆಸೆದವರಿಗೆ ಇದು ಪೋಸ್ಟ್ ಹಾಕುವ ದಿನ ಗೊತ್ತಾಗುತ್ತದೆ, ಅಂದು ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಇನ್ನು ತುದಿಯನ್ನು ಎದುರು ಟ್ಯೂಬಿನ ದುಂಡಿಗೆ ಅಪ್ಪುವಂತೆ ಕೊರೆಯುವ ಮೈಟರ್ ಕೆಲಸ. ಲಗ್ ಎಲ್ಲವನ್ನೂ ಮುಚ್ಚುತ್ತದೆ ಎಂದು ಇಲ್ಲಿ ಉದಾಸೀನ ಮಾಡುವವರೇ ಹೆಚ್ಚು. ಫ್ರೇಮ್ ವಾಲುವುದು ಇಲ್ಲಿಂದಲೇ. ಟ್ಯೂಬ್ ತುದಿ ಎದುರಿನ ಟ್ಯೂಬಿಗೆ ಸುತ್ತಲೂ ಆನಿಕೊಂಡಿದ್ದರೆ ಬಿಸಿಗೆ ಅದು ಸರಿಯಲು ಜಾಗವಿಲ್ಲ. ಒಂದು ಕಡೆ ಸಂದು ಬಿಟ್ಟರೆ ಲೋಹ ಹಿಗ್ಗಿ ಕುಗ್ಗುವಾಗ ಟ್ಯೂಬನ್ನು ಆ ಕಡೆಗೇ ಎಳೆದೊಯ್ಯುತ್ತದೆ.

ಉಕ್ಕಿನ ಕೋನಪಟ್ಟಿಯನ್ನು ಟ್ಯೂಬಿಗೆ ಆನಿಸಿ ಉದ್ದಕ್ಕೂ ಒಂದು ನಡುಗೆರೆ ಎಳೆಯಿರಿ. ಎರಡು ತುದಿಯ ಮೈಟರ್‌ಗಳೂ ಈ ಗೆರೆಗೆ ಹೊಂದಿ ಒಂದೇ ಸಮತಲದಲ್ಲಿ ಇರಬೇಕು. ಕಾಗದದ ಅಚ್ಚು ಸುತ್ತಿ, ಗುರುತು ಹಾಕಿ, ಗರಗಸದಿಂದ ದಪ್ಪಕ್ಕೆ ತೆಗೆದು, ಉಳಿದದ್ದನ್ನು ಅರ್ಧದುಂಡು ಅರದಿಂದ ಮುಗಿಸಿ. ಟಾಪ್ ಟ್ಯೂಬ್ ಹೆಡ್ ಟ್ಯೂಬನ್ನು ಅಪ್ಪುವಲ್ಲಿ ಎರಡು ಪಕ್ಕದ ಕಿವಿಗಳು ನಡುವಿಗಿಂತ 6ರಿಂದ 7 ಮಿ.ಮೀ. ಮುಂಚಾಚಿರುತ್ತವೆ. ನಮ್ಮ ಉದಾಹರಣೆಯಲ್ಲಿ 550ರ ಟಾಪ್ ಟ್ಯೂಬನ್ನು ನಡುಗೆರೆಯ ಮೇಲೆ, ಒಂದು ತಗ್ಗಿನಿಂದ ಇನ್ನೊಂದು ತಗ್ಗಿಗೆ ಅಳೆದರೆ ಸುಮಾರು 518 ಮಿ.ಮೀ. ಬರಬೇಕು. ಎರಡು ಟ್ಯೂಬ್‌ಗಳ ಅರ್ಧವ್ಯಾಸ ಕಳೆಯುವುದನ್ನು ಮರೆತು 550ಕ್ಕೆ ಕತ್ತರಿಸಿದ್ದನ್ನು ಇನ್ನೂ ಉಜ್ಜಿ ಸರಿಪಡಿಸಬಹುದು, ಎರಡು ಸಲ ಕಳೆದದ್ದನ್ನು ಸರಿಪಡಿಸಲಾಗದು.

ಪರೀಕ್ಷೆ ಸರಳ: ಎರಡು ಟ್ಯೂಬ್ ಸೇರಿಸಿ ಹಿಂದಿನಿಂದ ದೀಪ ಹಿಡಿಯಿರಿ. ಬೆಳಕಿನ ಗೆರೆ ಕಂಡ ಕಡೆ ಅಲ್ಲ, ಕಾಣದ ಕಡೆ ಉಜ್ಜಬೇಕು. ತಾಗುತ್ತಿರುವ ಎತ್ತರ ಅಲ್ಲಿದೆ.

ಒಳಹೊರಗಿನ ಚೂಪು ಅಂಚು ತೆಗೆದ ಮೇಲೆ ಗಾಳಿರಂಧ್ರಗಳು. ಟಾಪ್ ಮತ್ತು ಡೌನ್ ಟ್ಯೂಬ್ ಸೇರುವ ಕಡೆ ಹೆಡ್ ಟ್ಯೂಬಿನ ಗೋಡೆಗೆ, ಟಾಪ್ ಟ್ಯೂಬ್ ಸೇರುವ ಕಡೆ ಸೀಟ್ ಟ್ಯೂಬಿಗೆ 5 ಮಿ.ಮೀ. ರಂಧ್ರ ಕೊರೆಯಿರಿ. ಸ್ಟೇಗಳಿಗೂ ಫೋರ್ಕ್ ಬ್ಲೇಡಿಗೂ ಒಳಪಕ್ಕದಲ್ಲಿ, ಡ್ರಾಪ್‌ಔಟಿನ ಸಮೀಪ 2 ಮಿ.ಮೀ. ಸಾಕು. ಮುಚ್ಚಿದ ಟ್ಯೂಬಿನೊಳಗಿನ ಬಿಸಿ ಗಾಳಿಗೆ ದಾರಿ ಇಲ್ಲದಿದ್ದರೆ ಅದು ಕರಗಿದ ಬೆಸುಗೆಯನ್ನೇ ತಳ್ಳಿ ಹೊರಬರುತ್ತದೆ, ಕೊನೆಯ ಅಂಚಿನಲ್ಲಿ ಗುಳ್ಳೆ ಎದ್ದು ತೂತಾಗಿ ನಿಲ್ಲುತ್ತದೆ.

## ಹಂತ 4: ಸೀಳಿ ನೋಡುವ ಅಭ್ಯಾಸ

ನಿಜವಾದ ಫ್ರೇಮಿಗೆ ಕೈ ಹಾಕುವ ಮೊದಲು ಅಗ್ಗದ ಲಗ್, ತುಂಡು ಟ್ಯೂಬ್ ಬಳಸಿ ಕನಿಷ್ಠ ಮೂರು ಜೋಡಣೆ ಬೆಸೆಯಿರಿ. ತಣಿದ ಮೇಲೆ ವೈಸಿಗೆ ಹಾಕಿ ಉದ್ದಕ್ಕೆ ಸೀಳಿ, ಲಗ್ಗಿನ ಸಿಪ್ಪೆ ಬಿಡಿಸಿ ನೋಡಿ. ಒಳಗೆಲ್ಲ ಬೂದುಬಿಳಿ ಬೆಳ್ಳಿ ಹರಡಿದ್ದರೆ ಸರಿ. ಕಪ್ಪು ಫ್ಲಕ್ಸಿನ ದ್ವೀಪಗಳು ಕಂಡರೆ ಬಿಸಿ ಸಮನಾಗಿ ಇರಲಿಲ್ಲ. ಬರಿಯ ಉಕ್ಕು ಕಂಡರೆ ಬೆಳ್ಳಿ ಆ ಕಡೆ ಹೋಗಲೇ ಇಲ್ಲ. ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ಹೊರ ಅಂಚನ್ನು ನೋಡಿ ಒಳಗನ್ನು ಊಹಿಸುವ ಕಣ್ಣು ಸೀಳಿ ನೋಡಿದವರಿಗೆ ಮಾತ್ರ ಬರುತ್ತದೆ.

ಜೊತೆಗೆ ಬೆಳ್ಳಿಯ ಲೆಕ್ಕವನ್ನೂ ಇಡಿ. 28.6 ಟ್ಯೂಬಿನ ಸುತ್ತಳತೆ ಸುಮಾರು 90 ಮಿ.ಮೀ. ಲಗ್ಗಿನೊಳಗೆ 30 ಮಿ.ಮೀ. ಹೋಗಿದ್ದು, ಸಂದು 0.1 ಇದ್ದರೆ ತುಂಬಬೇಕಾದದ್ದು 270 ಘನ ಮಿ.ಮೀ.; 1.6 ತಂತಿಯಲ್ಲಿ ಅದು 13 ಸೆಂ.ಮೀ. ಉದ್ದ. ಒಂದು ಬಾಯಿ ಬರೀ 5 ಸೆಂ.ಮೀ. ತಂತಿ ಕುಡಿದು ಅಂಚಿನಲ್ಲಿ ತುಂಬಿದಂತೆ ಕಂಡರೆ ನಂಬಬೇಡಿ, ಒಳಗೆ ಒಣಗಿದೆ. 25 ಸೆಂ.ಮೀ. ಹೋದರೂ ತುಂಬದಿದ್ದರೆ ಬೆಳ್ಳಿ ಟ್ಯೂಬಿನೊಳಗೆ ಸುರಿಯುತ್ತಿದೆ.

## ಹಂತ 5: ಹಿತ್ತಾಳೆ ಕೆಲಸ ಮೊದಲು

ಹೆಚ್ಚು ಬಿಸಿ ಬೇಡುವ ಬೆಸುಗೆ ಮೊದಲು, ಕಡಿಮೆ ಬೇಡುವುದು ನಂತರ. ಡ್ರಾಪ್‌ಔಟ್ ಕೂರುವ ಸೀಳಿನಲ್ಲಿ ಸಂದು ದೊಡ್ಡದು, ಬೆಳ್ಳಿ ಅಲ್ಲಿ ನಿಲ್ಲುವುದಿಲ್ಲ, ಹಿತ್ತಾಳೆ ತುಂಬಿಕೊಳ್ಳುತ್ತದೆ. ಆದ್ದರಿಂದ ಚೈನ್‌ಸ್ಟೇಗಳಿಗೆ ಹಿಂದಿನ ಡ್ರಾಪ್‌ಔಟ್, ಫೋರ್ಕ್ ಬ್ಲೇಡಿಗೆ ಮುಂದಿನ ಡ್ರಾಪ್‌ಔಟ್, ಸೀಟ್‌ಸ್ಟೇಯ ಮೇಲ್ತುದಿಗೆ ಮುಚ್ಚಳ – ಇಷ್ಟನ್ನೂ ಭಾಗಗಳು ಬಿಡಿಯಾಗಿರುವಾಗಲೇ ಮುಗಿಸಿ.

ಸೀಟ್‌ಸ್ಟೇಯ ಕೆಳ ತುದಿ ಮಾತ್ರ ಡ್ರಾಪ್‌ಔಟಿಗೆ ಕೊನೆಯಲ್ಲಿ ಸೇರುತ್ತದೆ. ಅದು ಫ್ರೇಮಿನ ಮೇಲೆಯೇ ಆಗುವ ಹಿತ್ತಾಳೆ ಕೆಲಸವಾದರೂ ಬೆಳ್ಳಿ ಇರುವ ಶೆಲ್ಲಿನಿಂದ ಸಾಕಷ್ಟು ದೂರ. ಪಕ್ಕದಲ್ಲೇ ಇರುವ ಚೈನ್‌ಸ್ಟೇ ಬೆಸುಗೆ ಕೂಡ ಹಿತ್ತಾಳೆಯದೇ, ಹಾಗಾಗಿ ಜ್ವಾಲೆಯನ್ನು ಅದರತ್ತ ಬಿಡದೆ ಬೇಗ ಮುಗಿಸಿ.

## ಹಂತ 6: ಶುಚಿ, ಫ್ಲಕ್ಸ್, ಪಿನ್

ಟ್ಯೂಬ್ ತುದಿಯ ಹೊರಗೆ ಲಗ್ ಮೂತಿಗಿಂತ 20 ಮಿ.ಮೀ. ಹೆಚ್ಚಿಗೆ, ಲಗ್ಗಿನ ಒಳಗೆ ಪೂರ್ತಿ, ಹೊಳಪು ಲೋಹ ಬರುವವರೆಗೆ ಎಮರಿ ಪಟ್ಟಿಯಿಂದ ಉಜ್ಜಿ. ಅಸಿಟೋನಿನಿಂದ ಒರೆಸಿ. ಆಮೇಲೆ ಬರಿಗೈ ತಾಗಿಸಬೇಡಿ, ಬೆರಳಿನ ಜಿಡ್ಡು ಇದ್ದ ಕಡೆ ಬೆಳ್ಳಿ ಒಪ್ಪದೆ ಉಂಡೆ ಕಟ್ಟುತ್ತದೆ. ಶುಚಿ ಮಾಡಿದ ದಿನವೇ ಬೆಸೆಯಿರಿ.

ಫ್ಲಕ್ಸನ್ನು ಎರಡೂ ಮೈಗೆ, ಲಗ್ಗಿನ ಹೊರಗೆ, ಟ್ಯೂಬಿನ ಒಳಗೂ 30 ಮಿ.ಮೀ.ವರೆಗೆ ಧಾರಾಳವಾಗಿ ಬಳಿಯಿರಿ. ಜೋಡಿಸಿ, ಕೋನ ಅಳೆದು, ಲಗ್ಗಿನ ಕೆಳಬದಿಯಲ್ಲಿ ಕಾಣದ ಕಡೆ 2.5 ಮಿ.ಮೀ. ರಂಧ್ರ ಕೊರೆದು ಸಣ್ಣ ಮೊಳೆ ಹೊಡೆಯಿರಿ. ಜಿಗ್ ಇಲ್ಲದವರಿಗೆ ಇದೇ ಆಸರೆ. ಕಾಯುವಾಗ ಟ್ಯೂಬ್ ಜಾರುವುದಿಲ್ಲ, ಬೆಸುಗೆ ಮುಗಿದ ಮೇಲೆ ಮೊಳೆಯ ತಲೆ ಉಜ್ಜಿಬಿಟ್ಟರೆ ಗುರುತೂ ಉಳಿಯುವುದಿಲ್ಲ.

## ಹಂತ 7: ಬೆಳ್ಳಿ ಬೆಸುಗೆ

ಕೋಣೆ ಮಬ್ಬಾಗಿರಲಿ. ಬಿಸಿಲಿನಲ್ಲಿ ಉಕ್ಕಿನ ಬಣ್ಣ ತಿಳಿಯುವುದಿಲ್ಲ, ತಿಳಿಯುವಷ್ಟರಲ್ಲಿ ಮಿತಿ ಮೀರಿರುತ್ತದೆ. ಜ್ವಾಲೆ ದೊಡ್ಡದಾಗಿ, ಮೃದುವಾಗಿ, ಅಸಿಟಿಲೀನ್ ಎಳ್ಳಷ್ಟು ಹೆಚ್ಚಾಗಿ ಇರಲಿ. ಸಿಡಿಯುವ ಸದ್ದಿನ ಮೊನಚು ಜ್ವಾಲೆ ಬೇಡ.

ಮೊದಲು ಸುತ್ತಲೂ ನಿಧಾನ ಕಾಯಿಸಿ. ಫ್ಲಕ್ಸಿನ ನೀರು ಕುದಿದು, ಆಮೇಲೆ ಅದು ಬಿಳಿಯಾಗಿ ಉಬ್ಬಿ, ಮತ್ತೆ ಕುಸಿದು, 600 ಡಿಗ್ರಿ ಹತ್ತಿರ ತಿಳಿ ಗಾಜಿನಂತೆ ಮೈಗೆ ಅಂಟುತ್ತದೆ. ನಿಮಗೆ ಸಿಗುವ ಥರ್ಮಾಮೀಟರ್ ಅದೇ. ದಪ್ಪ ಭಾಗಕ್ಕೆ, ಅಂದರೆ ಶೆಲ್ಲಿಗೆ, ಲಗ್ಗಿನ ಬುಡಕ್ಕೆ, ಕ್ರೌನಿಗೆ ಹೆಚ್ಚು ಬಿಸಿ ಕೊಡಿ. ತೆಳು ಟ್ಯೂಬ್ ತನ್ನ ಪಾಲಿನದನ್ನು ತಾನೇ ತೆಗೆದುಕೊಳ್ಳುತ್ತದೆ. ಲಗ್ ಮತ್ತು ಟ್ಯೂಬ್ ಎರಡೂ ಗಾಜಾದ ಮೇಲೆ ತಂತಿಯನ್ನು ಅಂಚಿಗೆ ಮುಟ್ಟಿಸಿ. ತಂತಿ ಲೋಹದ ಬಿಸಿಗೆ ಕರಗಬೇಕು, ಜ್ವಾಲೆಗೆ ಅಲ್ಲ. ಮುಟ್ಟಿದೊಡನೆ ಕರಗಿ ಸಂದಿನೊಳಗೆ ಮಾಯವಾದರೆ ಹದ ಬಂದಿದೆ.

ಬೆಳ್ಳಿ ಬಿಸಿ ಇರುವ ಕಡೆಗೆ ಓಡುತ್ತದೆ. ಇದೊಂದನ್ನು ಕೈಗೆ ಕಲಿಸಿದರೆ ಮುಕ್ಕಾಲು ಕೆಲಸ ಕಲಿತಂತೆ. ಲಗ್ಗಿನ ಒಂದು ಅಂಚಿನಲ್ಲಿ ತಂತಿ ಕೊಡುತ್ತ ಜ್ವಾಲೆಯನ್ನು ಎದುರು ಅಂಚಿನತ್ತ ಒಯ್ಯಿರಿ. ಬೆಳ್ಳಿ ಒಳಗೆಲ್ಲ ಹಾಯ್ದು ಆ ಅಂಚಿನಲ್ಲಿ ಸಣ್ಣ ಹೊಳಪು ಗೆರೆಯಾಗಿ ಕಾಣಿಸಿಕೊಳ್ಳಬೇಕು. ಎಲ್ಲ ಅಂಚಿಗೂ ಹೊರಗಿನಿಂದಲೇ ತಂತಿ ಉಜ್ಜುತ್ತ ಹೋಗುವುದು ಅತಿ ಸಾಮಾನ್ಯವಾದ ತಪ್ಪು. ಅದರಿಂದ ಚೆಂದದ ಅಂಚು, ಪೊಳ್ಳು ಹೊಟ್ಟೆ.

ಅಪಾಯದ ಗುರುತುಗಳನ್ನು ಕಣ್ಣಲ್ಲಿ ಇಟ್ಟುಕೊಳ್ಳಿ. ಫ್ಲಕ್ಸ್ ಗಾಜಿನ ಬಣ್ಣ ಬಿಟ್ಟು ಕಂದಾಗಿ ಕಪ್ಪಾದರೆ ಅದರ ಶಕ್ತಿ ಮುಗಿಯಿತು. ಇನ್ನು ಎಷ್ಟು ತಂತಿ ಕೊಟ್ಟರೂ ಉಂಡೆಯಾಗಿ ಉರುಳುತ್ತದೆ. ಆಗ ಬಿಸಿ ಹೆಚ್ಚಿಸಬೇಡಿ. ನಿಲ್ಲಿಸಿ, ತಣಿಸಿ, ಬಿಸಿನೀರಿನಲ್ಲಿ ನೆನೆಸಿ, ಶುಚಿ ಮಾಡಿ, ಹೊಸ ಫ್ಲಕ್ಸ್ ಹಚ್ಚಿ ಮತ್ತೆ ಶುರುಮಾಡಿ. ಉಕ್ಕು ಮಬ್ಬಿನಲ್ಲಿ ಮಾಸಲು ಕೆಂಪು ದಾಟಿ ಕಿತ್ತಳೆಗೆ ಬಂದರೆ ಬೆಳ್ಳಿಗೆ ಬೇಕಾದದ್ದಕ್ಕಿಂತ ನೂರಾರು ಡಿಗ್ರಿ ಮೇಲಿದ್ದೀರಿ. ಬೆಳ್ಳಿ ಕುದಿದು ಸಣ್ಣ ಸೂಜಿರಂಧ್ರ ಬಿಟ್ಟಿದ್ದರೆ ಅದೂ ಅತಿ ಬಿಸಿಯದೇ ಗುರುತು.

ಮುಗಿದ ಜೋಡಣೆ ಗಾಳಿಯಲ್ಲಿ ತಾನಾಗಿ ತಣಿಯಲಿ. ಕೆಂಪು ಇರುವಾಗ ನೀರು ಹೊಯ್ದರೆ ಉಕ್ಕು ಗಡುಸಾಗಿ ಬಿರಿಯುತ್ತದೆ.

## ಹಂತ 8: ಯಾವುದರ ನಂತರ ಯಾವುದು

ಮೊದಲು ಸೀಟ್ ಟ್ಯೂಬನ್ನು ಶೆಲ್ಲಿಗೆ ಬೆಸೆಯಿರಿ. ಬೇರೆ ಎಲ್ಲ ಅಳತೆಯೂ ಈ ಜೋಡಣೆಯ ಮೇಲೆ ನಿಲ್ಲುತ್ತದೆ. ತಣಿದ ಮೇಲೆ ಶೆಲ್ಲನ್ನು ಸರ್ಫೇಸ್ ಪ್ಲೇಟಿನ ಮೇಲಿನ ಕಂಬಕ್ಕೆ ಬಿಗಿದು ಟ್ಯೂಬಿನ ಎತ್ತರವನ್ನು ಬುಡದಲ್ಲೂ ತುದಿಯಲ್ಲೂ ಹೈಟ್ ಗೇಜಿನಿಂದ ಅಳೆಯಿರಿ. 500 ಮಿ.ಮೀ. ಉದ್ದದಲ್ಲಿ 0.5ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇದ್ದರೆ ಈಗಲೇ, ಬೇರೇನೂ ಸೇರುವ ಮೊದಲೇ, ತಣ್ಣಗಿರುವಾಗ ಬಾಗಿಸಿ ಸರಿಪಡಿಸಿ.

ಎರಡನೆಯದು ಹೆಡ್ ಟ್ಯೂಬಿಗೆ ಡೌನ್ ಟ್ಯೂಬ್. ಬೆಸೆದು, 60 ಡಿಗ್ರಿ ಕೋನವನ್ನು ಚಿತ್ರದ ಮೇಲಿಟ್ಟು ನೋಡಿ. ಆಮೇಲೆ ಡೌನ್ ಟ್ಯೂಬಿನ ಇನ್ನೊಂದು ತುದಿಯನ್ನು ಶೆಲ್ಲಿಗೆ ತೂರಿಸಿ, ಟಾಪ್ ಟ್ಯೂಬ್ ಮತ್ತು ಸೀಟ್ ಲಗ್ ಕೂರಿಸಿ. ಇಡೀ ತ್ರಿಕೋನ ಒತ್ತಾಯವಿಲ್ಲದೆ ಕೂರಬೇಕು. ಟಾಪ್ ಟ್ಯೂಬನ್ನು ಎಳೆದು, ಬಾಗಿಸಿ ಸೇರಿಸಬೇಕಾಗಿ ಬಂದರೆ ಮೈಟರ್ ತಪ್ಪಿದೆ. ಆ ಒತ್ತಡ ಲೋಹದಲ್ಲಿ ಉಳಿದು, ಬೆಸುಗೆ ಕರಗಿದ ಕ್ಷಣದಲ್ಲಿ ಹೆಡ್ ಟ್ಯೂಬನ್ನು ತಿರುಚುತ್ತದೆ.

ಶೆಲ್ಲಿನಲ್ಲಿ ಡೌನ್ ಟ್ಯೂಬ್, ನಂತರ ಟಾಪ್ ಟ್ಯೂಬಿನ ಮುಂದಿನ ಲಗ್, ಕೊನೆಗೆ ಸೀಟ್ ಲಗ್. ಪ್ರತಿಯೊಂದು ತಣಿದ ಮೇಲೆ ಹೆಡ್ ಟ್ಯೂಬಿನ ಮೇಲ್ತುದಿ, ಕೆಳತುದಿ ಎರಡನ್ನೂ ಪ್ಲೇಟಿನಿಂದ ಅಳೆಯಿರಿ. ಎರಡು ಅಂಕಿ ಸಮನಾಗಿ ಬದಲಾದರೆ ಹೆಡ್ ಟ್ಯೂಬ್ ಪಕ್ಕಕ್ಕೆ ಸರಿದಿದೆ, ಬೇರೆಬೇರೆಯಾಗಿ ಬದಲಾದರೆ ತಿರುಚಿದೆ. ಸರಿದದ್ದನ್ನು ಒತ್ತಿ ತರುವುದು ಸುಲಭ, ತಿರುಚಿದ್ದು ಕಷ್ಟ.

## ಹಂತ 9: ಹಿಂದಿನ ತ್ರಿಕೋನ

ಹಿಂದಿನ ಅಗಲ ಮೊದಲೇ ನಿರ್ಧಾರವಾಗಿರಬೇಕು: ಐದು ಹಲ್ಲುಚಕ್ರದ ಹಳೆಯ ಹಬ್ಬಿಗೆ 120 ಮಿ.ಮೀ., ಆರು ಏಳರದ್ದಕ್ಕೆ 126, ಎಂಟು ಮತ್ತು ಅದಕ್ಕೂ ಹೆಚ್ಚಿನದಕ್ಕೆ 130. ಆ ಅಗಲದ ಸುಳ್ಳು ಅಚ್ಚನ್ನು (ಹಬ್ಬಿನ ಬದಲು ಅಗಲ ಹಿಡಿದಿಡುವ ಸರಳು) ಡ್ರಾಪ್‌ಔಟ್‌ಗಳಿಗೆ ಬಿಗಿದೇ ಚೈನ್‌ಸ್ಟೇ ಬೆಸೆಯಿರಿ. ಟಯರಿಗೂ ಚೈನ್‌ರಿಂಗಿಗೂ ಜಾಗ ಸಾಲುತ್ತದೆಯೇ ನೋಡಿ, ಬೇಕಾದ ತಗ್ಗನ್ನು ಬೆಸುಗೆಗೆ ಮೊದಲೇ ಒತ್ತಿರಬೇಕು.

ಚೈನ್‌ಸ್ಟೇ ಮುಗಿದ ಮೇಲೆ ದಾರದ ಪರೀಕ್ಷೆ: ಒಂದು ಡ್ರಾಪ್‌ಔಟಿನಿಂದ ಹೆಡ್ ಟ್ಯೂಬನ್ನು ಬಳಸಿ ಇನ್ನೊಂದಕ್ಕೆ ಬಿಗಿ ದಾರ ಕಟ್ಟಿ, ಸೀಟ್ ಟ್ಯೂಬಿನ ಎರಡೂ ಪಕ್ಕದ ದೂರ ಅಳೆಯಿರಿ. ವ್ಯತ್ಯಾಸ 1 ಮಿ.ಮೀ. ಒಳಗಿರಲಿ.

ಸೀಟ್‌ಸ್ಟೇ ಜೊತೆಯ ಉದ್ದ ಒಂದೇ ಇರಬೇಕು. ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯೂ ಚಕ್ರದ ತಲೆಯಲ್ಲಿ ಕಾಣುತ್ತದೆ. ಎರಡನ್ನೂ ಒಟ್ಟಿಗೆ ಪಕ್ಕಪಕ್ಕ ಕಟ್ಟಿ ಉಜ್ಜಿ. ಮೊದಲು ಡ್ರಾಪ್‌ಔಟಿಗೆ ಹಿತ್ತಾಳೆ, ಆಮೇಲೆ ಸರಿಯಾಗಿ ಗಾಲಿ ಕಟ್ಟಿದ ನಿಜವಾದ ಚಕ್ರ ಹಾಕಿ, ಅದು ನಡುವೆ ನಿಂತದ್ದು ನೋಡಿ, ಮುಚ್ಚಳಗಳನ್ನು ಸೀಟ್ ಲಗ್ಗಿನ ಪಕ್ಕಕ್ಕೆ ತಾತ್ಕಾಲಿಕವಾಗಿ ಒಂದೊಂದು ಹನಿಯಿಂದ ಹಿಡಿಸಿ. ಚಕ್ರವನ್ನು ತಿರುಗುಮುರುಗು ಮಾಡಿ ಹಾಕಿ ಮತ್ತೊಮ್ಮೆ ನೋಡಿ. ಎರಡು ಸಲವೂ ಒಂದೇ ಕಡೆಗೆ ವಾಲಿದರೆ ತಪ್ಪು ಫ್ರೇಮಿನದು, ಕಡೆ ಬದಲಾದರೆ ಚಕ್ರದ್ದು. ಸರಿಯಾದ ಮೇಲೆ ಚಕ್ರ ತೆಗೆದು ಪೂರ್ತಿ ಬೆಸೆಯಿರಿ. ಈ ಜೋಡಣೆ ಲಗ್ ಬಾಯಿಯಂತಲ್ಲ, ಬರೀ ಪಕ್ಕಕ್ಕೆ ಅಂಟಿದ್ದು. ಆದ್ದರಿಂದ ಮುಚ್ಚಳದ ಹಿಂಬದಿಯನ್ನು ಲಗ್ಗಿನ ದುಂಡಿಗೆ ಹೊಂದುವಂತೆ ಉಜ್ಜದೆ ಬೆಸೆದರೆ ನಿಲ್ಲುವುದಿಲ್ಲ.

ಬ್ರೇಕ್ ಬ್ರಿಡ್ಜಿನ ಜಾಗವನ್ನು ಅಂಕಿಯಿಂದ ಅಲ್ಲ, ನೀವು ಹಾಕುವ ಬ್ರೇಕನ್ನೇ ಹಿಡಿದು ಗುರುತಿಸಿ. ಚಕ್ರ ಹಾಕಿ, ಪ್ಯಾಡು ಬ್ರೇಕ್ ತೋಳಿನ ಸೀಳಿನ ನಡುವೆ ಇರುವಂತೆ. ಹಳೆಯ ಶೈಲಿಯ ಚಿಕ್ಕ ತೋಳಿನ ಬ್ರೇಕಿಗೆ 39ರಿಂದ 49 ಮಿ.ಮೀ. ಮಾತ್ರ ನಿಲುಕು.

## ಹಂತ 10: ಫೋರ್ಕ್

ಫ್ರೇಮಿನ ತಪ್ಪು ಸವಾರಿಯನ್ನು ಕೆಡಿಸುತ್ತದೆ, ಫೋರ್ಕಿನ ತಪ್ಪು ಸವಾರನನ್ನು ಕೆಡವುತ್ತದೆ. ಮೂರು ಅಭ್ಯಾಸದ ತುಂಡು ಸೀಳಿ ನೋಡಿ ಧೈರ್ಯ ಬಾರದವರು ಕ್ರೌನ್ ಮತ್ತು ಸ್ಟಿಯರರ್ ಬೆಸುಗೆಯನ್ನು ಅನುಭವಿಗಳ ಎದುರಿನಲ್ಲೇ ಮಾಡಿ.

ಬ್ಲೇಡನ್ನು ಕತ್ತರಿಸುವ ಮೊದಲು ಬಾಗಿಸಿ. ಗಟ್ಟಿ ಮರದಲ್ಲಿ ವಕ್ರ ಅಚ್ಚು ಕೆತ್ತಿ, ಅದರಲ್ಲಿ ಬ್ಲೇಡ್ ಕೂರುವ ಕಾಲುವೆ ತೋಡಿ, ತಣ್ಣಗೇ, ತೆಳು ತುದಿಯ ಕಡೆ ನಿಧಾನ ಒತ್ತಿ. ಒಳಬದಿಯಲ್ಲಿ ಸುಕ್ಕು ಕಂಡರೆ ಆ ಬ್ಲೇಡ್ ಎಸೆಯಿರಿ, ಸುಕ್ಕನ್ನು ಬಿಡಿಸಿ ಬಳಸುವುದು ಬೇಡವೇ ಬೇಡ. ಎರಡು ಬ್ಲೇಡೂ ಒಂದರ ಮೇಲೊಂದು ಇಟ್ಟಾಗ ಬಾಗು ಕೂಡಬೇಕು. ಉದ್ದ ಕಡಿಮೆ ಮಾಡುವುದು ಮೇಲಿನ ಅಗಲ ತುದಿಯಿಂದ ಮಾತ್ರ.

ಕ್ರೌನಿಗೆ ಸ್ಟಿಯರರ್ ಮೊದಲು, ಪಿನ್ ಹೊಡೆದು. ಕ್ರೌನ್ ದಪ್ಪ ಲೋಹ, ಕಾಯಲು ಸಮಯ ತೆಗೆದುಕೊಳ್ಳುತ್ತದೆ. ಬೆಳ್ಳಿಯನ್ನು ಕೆಳಗಿನಿಂದ ಕೊಟ್ಟು ಮೇಲಿನ ರೇಸ್ ಸೀಟಿನ (ಹೆಡ್‌ಸೆಟ್ಟಿನ ಕೆಳಗಿನ ಉಂಗುರ ಕೂರುವ ಜಾಗ) ಬಳಿ ಸುತ್ತಲೂ ಗೆರೆ ಬರುವವರೆಗೆ ಎಳೆಯಿರಿ. ನಂತರ ಎರಡು ಬ್ಲೇಡ್, 100 ಮಿ.ಮೀ. ಸುಳ್ಳು ಅಚ್ಚು ಬಿಗಿದು. ಚಕ್ರ ಹಾಕಿ, ತಿರುಗಿಸಿ ಹಾಕಿ, ನಡುವೆ ನಿಲ್ಲುತ್ತದೆಯೇ ನೋಡಿ.

## ಹಂತ 11: ತೊಳೆದು, ತಿದ್ದಿ, ಕೊರೆಯುವುದು

ಬೆಳ್ಳಿ ಫ್ಲಕ್ಸ್ ಬಿಸಿನೀರಿನಲ್ಲಿ ಕರಗುತ್ತದೆ. ಟ್ಯೂಬಿನೊಳಗೂ ನೀರು ಹೋಗುವಂತೆ ರಾತ್ರಿಯಿಡೀ ನೆನೆಸಿ. ಉಳಿದ ಫ್ಲಕ್ಸ್ ಬಣ್ಣದ ಕೆಳಗೆ ತೇವ ಹೀರಿ ತುಕ್ಕು ಹಿಡಿಸುತ್ತದೆ. ಒಳಗೆ ನೀರು ನಿಲ್ಲದಂತೆ ಒಣಗಿಸಿ. ಮೇಲೆ ಹರಿದ ಬೆಳ್ಳಿಯನ್ನು ಎಮರಿ ಪಟ್ಟಿಯಿಂದ ಉದ್ದುದ್ದಕ್ಕೆ ತೆಗೆಯಿರಿ, ಅಂಚಿನ ಮೂಲೆಗೆ ಮಾತ್ರ ಸೂಜಿ ಅರ. ತೊಳೆದ ಮೇಲೆ ಅಂಚಿನಲ್ಲಿ ಕಪ್ಪು ಗೆರೆ ಅಥವಾ ಸೂಜಿರಂಧ್ರ ಕಂಡರೆ ಅಲ್ಲಿ ಬೆಳ್ಳಿ ಕೂಡಿಲ್ಲ, ಮತ್ತೆ ಫ್ಲಕ್ಸ್ ಹಚ್ಚಿ ಆ ಅಂಚನ್ನು ತುಂಬಿ.

ಟ್ಯಾಪ್, ರೀಮರ್ ಕೆಲಸ ಬೆಸುಗೆಯೆಲ್ಲ ಮುಗಿದ ಮೇಲೆಯೇ, ಏಕೆಂದರೆ ಬಿಸಿಗೆ ಶೆಲ್ಲೂ ಹೆಡ್ ಟ್ಯೂಬೂ ಸ್ವಲ್ಪ ಅಂಡಾಕಾರ ತಾಳಿರುತ್ತವೆ. ಶೆಲ್ 70 ಮಿ.ಮೀ. ಅಗಲಕ್ಕೆ ಸಮ ಮಾಡಿ, 36 ಮಿ.ಮೀ., ಇಂಚಿಗೆ 24 ಎಳೆಯ ಟ್ಯಾಪ್ ಹಾಕಿ. ಇಟಾಲಿಯನ್ ಶೆಲ್ಲಿನಲ್ಲಿ ಎರಡೂ ಪಕ್ಕ ಬಲ ಎಳೆ. 68 ಮಿ.ಮೀ. ಇಂಗ್ಲಿಷ್ ಶೆಲ್ಲಿನ ಅಭ್ಯಾಸದಲ್ಲಿ ಚೈನ್ ಕಡೆಗೆ ಎಡ ಟ್ಯಾಪ್ ಹಾಕಿದರೆ ಶೆಲ್ ಹೋಯಿತು. ಇಟಾಲಿಯನ್ನಿನ ಚೈನ್ ಕಡೆಯ ಕಪ್ ತುಳಿತಕ್ಕೆ ಸಡಿಲವಾಗುವ ಸ್ವಭಾವದ್ದು, ಅದನ್ನು ಬಹಳ ಬಿಗಿಯಾಗಿ ಕೂರಿಸಬೇಕು.

ಹೆಡ್ ಟ್ಯೂಬಿನ ಎರಡೂ ಬಾಯಿಯನ್ನು 30.2 ಕಪ್ಪಿಗೆ 0.1ರಿಂದ 0.2 ಮಿ.ಮೀ. ಚಿಕ್ಕದಾಗಿ ರೀಮ್ ಮಾಡಿ, ಮುಖಗಳನ್ನು ಸಮಾನಾಂತರಗೊಳಿಸಿ. 26.4 ರೇಸಿಗೆ ಕ್ರೌನ್ ಸೀಟು 26.5. ಸೀಟ್ ಟ್ಯೂಬನ್ನು 27.2ಕ್ಕೆ ರೀಮ್ ಮಾಡಿ, ಸೀಟ್ ಲಗ್ಗಿನ ಹಿಂದೆ ಸೀಳು ಹಾಕುವ ಮೊದಲು ಸೀಳು ಮುಗಿಯುವ ಜಾಗಕ್ಕೆ 3 ಮಿ.ಮೀ. ರಂಧ್ರ ಕೊರೆಯಿರಿ. ರಂಧ್ರವಿಲ್ಲದ ಸೀಳಿನ ತುದಿಯಿಂದ ಬಿರುಕು ನಡೆಯುತ್ತದೆ. ಕೊನೆಯಲ್ಲಿ ಡ್ರಾಪ್‌ಔಟ್ ಮುಖಗಳನ್ನು ಒಂದಕ್ಕೊಂದು ಸಮಾನಾಂತರ ಮಾಡಿ. ಓರೆ ಇದ್ದರೆ ಹಬ್ಬಿನ ಅಚ್ಚು ಬಾಗಿ ಮುರಿಯುತ್ತದೆ.

## ಹಂತ 12: ಬಣ್ಣಕ್ಕೆ ಮೊದಲು ಓಡಿಸಿ ನೋಡುವುದು

ಬರಿಯ ಉಕ್ಕಿಗೆ ತೆಳುವಾಗಿ ಎಣ್ಣೆ ಒರೆಸಿ, ಭಾಗಗಳನ್ನೆಲ್ಲ ಜೋಡಿಸಿ. ಮೊದಲು ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಭಾರ ಹಾಕಿ ಹಿಂದೆ ಮುಂದೆ ತಳ್ಳಿ, ಕಿವಿಗೊಡಿ. ಟಿಕ್ ಎನ್ನುವ ಸದ್ದು ಕ್ರೌನಿನಿಂದ ಬಂದರೆ ಅಲ್ಲಿಗೇ ನಿಲ್ಲಿಸಿ. ಖಾಲಿ ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಶುರುಮಾಡಿ, ಮೊದಲ 100 ಕಿ.ಮೀ. ಒಳಗೆ ಎರಡು ಮೂರು ಸಲ ನಿಂತು ಪ್ರತಿ ಲಗ್ಗಿನ ಅಂಚನ್ನು, ವಿಶೇಷವಾಗಿ ಕೆಳಗಿನ ಹೆಡ್ ಲಗ್ಗಿನ ತಳಬದಿ, ಕ್ರೌನಿನ ಹಿಂಬದಿ, ಸೀಟ್‌ಸ್ಟೇ ಮುಚ್ಚಳಗಳನ್ನು ಭೂತಗನ್ನಡಿ ಹಿಡಿದು ನೋಡಿ. ಅಂಚಿನುದ್ದಕ್ಕೂ ಕೂದಲೆಳೆಯಷ್ಟು ತುಕ್ಕಿನ ಗೆರೆ ಎದ್ದರೆ ಅಲ್ಲಿ ಸಂದು ತೆರೆಯುತ್ತಿದೆ ಎಂದೇ ತಿಳಿಯಿರಿ.

ಬಣ್ಣ ಹಚ್ಚಿದ ಮೇಲೆ ಈ ಗೆರೆ ತಡವಾಗಿ ಕಾಣುತ್ತದೆ, ಅದಕ್ಕಾಗಿಯೇ ಈ ಓಟ ಮೊದಲು. ಬಣ್ಣಕ್ಕೆ ಕಳುಹಿಸುವಾಗ ಪೌಡರ್ ಕೋಟಿಂಗಿನ 200 ಡಿಗ್ರಿ ಬಿಸಿಗೆ ಬೆಳ್ಳಿ ಬೆಸುಗೆ ಜಗ್ಗುವುದಿಲ್ಲ. ಆದರೆ ಪೌಡರ್ ಪದರ ದಪ್ಪ, ವಾರಗಟ್ಟಲೆ ಉಜ್ಜಿ ತೆಗೆದ ಲಗ್ ಅಂಚು ಅದರಡಿ ಮಬ್ಬಾಗುತ್ತದೆ. ಈ ಶೈಲಿಗೆ ತೆಳು ಪದರದ ಸ್ಪ್ರೇ ಬಣ್ಣವೇ ಸರಿ. ಥ್ರೆಡ್, ಕ್ರೌನ್ ಸೀಟು, ಹೆಡ್ ಟ್ಯೂಬಿನ ಬಾಯಿ, ಡ್ರಾಪ್‌ಔಟ್ ಮುಖಗಳನ್ನು ಮುಚ್ಚಿ ಕೊಡಿ, ಬಣ್ಣ ಒಣಗಿದ ಮೇಲೆ ಟ್ಯೂಬ್‌ಗಳ ಒಳಮೈಗೆ ತುಕ್ಕುನಿರೋಧಕ ಎಣ್ಣೆ ಸುರಿದು, ಫ್ರೇಮನ್ನು ಎಲ್ಲ ದಿಕ್ಕಿಗೂ ತಿರುಗಿಸಿ, ಒಂದು ದಿನ ತಲೆಕೆಳಗು ನೇತುಹಾಕಿ.